ಖಾಲಿ ಲಾರಿಯ ತೂಕ

ವರ್ಷಗಟ್ಟಲೆ ಶಾಲಾ ಬಸ್ಸು ಓಡಿಸಿದ ನನಗೆ ವಯೋಮಿಂಗ್‌ನ ಗಾಳಿ ಹೊಸದಲ್ಲ. ಊರಿಂದೂರಿಗೆ ಸರಕು ಸಾಗಿಸುವ ಕೆಲಸಕ್ಕೆ ಸೇರಿದ ಮೊದಲ ದಿನ, ಮಟಮಟ ಮಧ್ಯಾಹ್ನ, ಖಾಲಿ ಲಾರಿಯೊಂದಿಗೆ ಧೈರ್ಯವಾಗಿಯೇ ಹೊರಟೆ. ದಾರಿಯಲ್ಲಿ ಬೇರೆ ಖಾಲಿ ಲಾರಿಗಳು ಗಾಳಿಗೆ ಮಗುಚಿದ್ದವು, ನನ್ನದು ಅಲುಗಲಿಲ್ಲ. ಆದರೆ ದಿಬ್ಬದಲ್ಲಿ ಎಂಜಿನ್ ಏದುಸಿರು ಬಿಟ್ಟಿತು. ಹಿಂದೆ ಏನೋ ನಿಧಾನವಾಗಿ ಹೊರಳುತ್ತಿತ್ತು.

ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಕೆಲಸಕ್ಕಿದ್ದ ಥರ್ಮನ್, ಚಿಕ್ಕಂದಿನಲ್ಲಿ ನನ್ನ ಬಸ್ಸಿನಲ್ಲೇ ಶಾಲೆಗೆ ಹೋದವನು, ಮುಳ್ಳು ನೋಡಿ ನಕ್ಕ. "ಏನ್ ಡೆಲ್ಫೀನಕ್ಕ, ಖಾಲಿ ಅಂತೀರಾ, ಬೆಟ್ಟಾನೇ ತುಂಬ್ಕೊಂಡ್ ಬಂದಿದೀರಲ್ಲ!"

"ನೀನೇ ನೋಡು ಬಾರೋ," ಎಂದು ಹಿಂಬಾಗಿಲು ತೆರೆದೆ.

ಒಳಗೆ ಏನೂ ಇರಲಿಲ್ಲ. ಕೊಟ್ಟಿಗೆಯ ಉಸಿರಿನಂಥ ಬಿಸಿಗಾಳಿಯೊಂದು ನಮ್ಮಿಬ್ಬರ ನಡುವೆ ಹಾದುಹೋಯಿತು. ಮತ್ತೆ ತೂಗಿದಾಗ ಖಾಲಿ ಲಾರಿಯ ತೂಕವೇ ಬಂತು.

ನಾನು ಈಗಲೂ ಅದೇ ದಾರಿಯಲ್ಲಿ ಓಡಿಸುತ್ತೇನೆ. ರಿಪೇರಿಯವರು ಬಂದು ಹೋದರೂ, ಮೇಲೆ ಯಾವ ಗಾಡಿ ಇಲ್ಲದಾಗಲೂ, ಅಂದು ನನ್ನ ಲಾರಿ ಇಳಿದು ಹೋದಾಗಿನಿಂದ ಆ ವೇಬ್ರಿಡ್ಜ್‌ನ ಮುಳ್ಳು ಸೊನ್ನೆಗೆ ಇಳಿದೇ ಇಲ್ಲ.