ಅಭ್ಯಾಸದ ವಾಕ್ಯದಲ್ಲೊಬ್ಬ ಗಂಡ

"ಬಾಗಿಲು ಹಾಕ್ರೀ!"

ಅವಳು ಕೂಗಿದ ರಭಸಕ್ಕೆ ಒಳಗೆ ಕಾಲಿಟ್ಟವನು ಹೊಸ್ತಿಲಲ್ಲೇ ನಿಂತುಬಿಟ್ಟ. ಹಿಂದಿನಿಂದ ಬೀಸಿದ ಗಾಳಿಗೆ ಅವಳ ಹಾಳೆಗಳೆಲ್ಲ ಹಾರಿ, ಒಂದು ನೇರವಾಗಿ ಹೋಗಿ ಅವನ ಎದೆಗೇ ಅಂಟಿಕೊಂಡಿತು!

ಅವನು ಅದನ್ನು ಮೆಲ್ಲಗೆ ಬಿಡಿಸಿಕೊಂಡು ಅವಳನ್ನು ನೋಡಿದ. ಅವಳೂ ನೋಡಿದಳು. ಎಣ್ಣೆ ಕಲೆಯ ನೀಲಿ ಶರ್ಟು, ಒದ್ದೆ ಕೂದಲು, ತಪ್ಪು ಮಾಡಿದ ಮಗುವಿನಂಥ ಮುಖ.

'ಅಯ್ಯೋ, ಹೊಸಬರು... ಹೀಗಾ ಕಿರುಚೋದು ನಾನು?'

"ಹಾಗಲ್ಲಮ್ಮ ಬೈಯೋದು, ಇಂಗ್ಲಿಷಿನಲ್ಲಿ ಬೈಯಿ. 'ಇಫ್' ಹಾಕಿ ಬೈಯಿ!" ಎಂದರು ಮೇಡಂ.

ಅದು ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ಕೋಣೆ. ಹಗಲೆಲ್ಲ ದುಡಿದವರು ಸಂಜೆ ಬಂದು ಇಂಗ್ಲಿಷ್ ಕಲಿಯುವ ಜಾಗ. ಕೆಳಗಿನಿಂದ ಇಸ್ತ್ರಿಯ ಹಬೆ ಮೇಲೇರಿ ಕಿಟಕಿ ಗಾಜೆಲ್ಲ ಮಸುಕಾಗುತ್ತಿತ್ತು. ಮೇಡಂ ಕೆಲಸದಿಂದ ನಿವೃತ್ತರಾಗಿದ್ದರು, ಮಾತಿನಿಂದ ಮಾತ್ರ ಆಗಿರಲಿಲ್ಲ.

ಅವಳು ಎದ್ದು ನಿಂತು, "ಇಫ್ ಯು ಡೋಂಟ್ ಕ್ಲೋಸ್ ದ ಡೋರ್..." ಎಂದು ತಡವರಿಸಿದಳು.

"ಪೂರ್ತಿ ಮಾಡಪ್ಪ," ಎಂದರು ಮೇಡಂ ಅವನಿಗೆ.

ಅವನು ಬಾಗಿಲು ಹಾಕಿ ಬಂದು, ಬಾಗಿ ಎಲ್ಲ ಹಾಳೆ ಆರಿಸಿ ಅವಳ ಕೈಗಿಟ್ಟ. ಆಮೇಲೆ ಹೇಳಿದ, "...ಐ ವಿಲ್ ಪಿಕ್ ಪೇಪರ್ಸ್ ಎವ್ರಿ ಡೇ."

ಕೋಣೆಯೆಲ್ಲ ನಕ್ಕಿತು. ಅವಳು ಮಾತ್ರ ಯಾಕೋ ಹಾಳೆಗಳನ್ನು ತಲೆಕೆಳಗಾಗಿ ಜೋಡಿಸಿಕೊಂಡಳು!

ಅವಳು ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಒಸಡಿಗೆ ಬಣ್ಣ ತೀಡಿ, ಕಾಣದ ಯಾರದೋ ಬಾಯಿಗೆ ನಗು ಮಾಡಿಕೊಡುವ ಕೆಲಸ. ಹೊರಗಿನ ಡಾಕ್ಟರುಗಳೆಲ್ಲ ಇಂಗ್ಲಿಷಿನಲ್ಲೇ ಫೋನ್ ಮಾಡುತ್ತಿದ್ದರಿಂದ ಈ ಕ್ಲಾಸಿಗೆ ಸೇರಿದ್ದಳು. ಅವನು ಲಿಫ್ಟ್ ಮೆಕ್ಯಾನಿಕ್. ಅವನ ಕಂಪನಿಯ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಬ್ಯಾಚು ಶುರುವಾಗಿ ಎಷ್ಟೋ ವಾರ ಕಳೆದ ಮೇಲೆ ಸೇರಿಕೊಂಡಿದ್ದ. ಅವಳ ಪಕ್ಕದ ಕುರ್ಚಿಯೊಂದೇ ಖಾಲಿ ಇತ್ತು.

ಆ ದಿನಗಳಲ್ಲಿ ಮೇಡಂ ಹಿಡಿದಿದ್ದು ಕೊಂಡಿ ಪದಗಳ ಪಾಠ.

"ಇಫ್, ವೆನ್, ಬಿಕಾಸ್, ಆಲ್ದೋ, ಅನ್‌ಲೆಸ್, ಅಂಟಿಲ್... ಇವು ಯಾವುದಾದ್ರೂ ತಲೆ ಮೇಲೆ ಕೂತ್ರೆ ಆ ಮಾತು ಒಂಟಿಯಾಗಿ ನಿಲ್ಲಲ್ಲ. 'ಬಿಕಾಸ್ ಐ ವಾಸ್ ಲೇಟ್' ಅಂದು ಸುಮ್ಮನಾದ್ರೆ ಕೇಳಿದವನು ಬಾಯಿ ಬಿಟ್ಕೊಂಡು ಕೂತಿರ್ತಾನೆ, ಆಮೇಲೇನಾಯ್ತು ಅಂತ! ನಮ್ಮ ಮಾತಲ್ಲಿ ಕೊಂಡಿ ಹಿಂದೆ ಬರುತ್ತೆ... ಬಂದಿದ್ರಿಂದ, ಬಂದಾಗ, ಬಂದ್ರೆ. ಅಲ್ಲಿ ರೈಲಿನ ಎಂಜಿನ್ ಥರ ಮುಂದೆ."

"ಆಲ್ದೋ ಹಾಕಿದ ಮೇಲೆ ನಡುವೆ ಒಂದು 'ಬಟ್' ಹಾಕಬಾರ್ದಾ ಮೇಡಂ?" ಬೇಕರಿಯಲ್ಲಿ ದುಡಿಯುವ, ಎಲ್ಲರೂ 'ಬೇಕರಿ ಅಕ್ಕ' ಎನ್ನುತ್ತಿದ್ದವಳ ಅನುಮಾನ.

"ಯಾಕಮ್ಮಾ, ಒಂದೇ ಸೀರೆಗೆ ಎರಡು ಸೆರಗಾ?"

ಆ ಕ್ಲಾಸಿಗೊಂದು ಪದ್ಧತಿ ಇತ್ತು. ಇಬ್ಬರು ಜೋಡಿ. ಒಬ್ಬರು ಕೊಂಡಿ ಹಾಕಿ ಅರ್ಧ ವಾಕ್ಯ ಎಸೆಯಬೇಕು, ಇನ್ನೊಬ್ಬರು ಮುಗಿಸಬೇಕು. ಮೇಡಂ ಮೊದಲ ದಿನವೇ ಹೇಳಿದ್ದರು, "ನಿಜ ಹೇಳ್ಬೇಕಾಗಿಲ್ಲ. ಎಷ್ಟು ಸುಳ್ಳಾದ್ರೂ ಹೇಳಿ, ವಾಕ್ಯ ನೆಟ್ಟಗಿರ್ಲಿ."

ಅವನು ಬಂದಿದ್ದು ಆ ಮೊದಲ ದಿನಕ್ಕಲ್ಲ!

ಒಂದು ಸಂಜೆ ಅವಳು "ವೆನ್ ಐ ಲಾಫ್..." ಎಂದು ಎಸೆದಳು.

ಅವನು ಸ್ವಲ್ಪ ಯೋಚಿಸಿದ. "ವೆನ್ ಯು ಲಾಫ್, ಐ ಫರ್ಗೆಟ್ ಮೈ ಆನ್ಸರ್."

ನೀವು ನಕ್ಕಾಗ ನನಗೆ ಉತ್ತರವೇ ಮರೆತುಹೋಗುತ್ತೆ...

ಬೇಕರಿ ಅಕ್ಕ "ಓಹೋ!" ಎಂದು ಎಳೆದಳು. ಇವಳ ಕಿವಿ ಬಿಸಿಯಾಯಿತು.

'ಛೆ! ಅಭ್ಯಾಸದ ವಾಕ್ಯ ಕಣೇ ಅದು. ಹಾಗೆಲ್ಲ ಹಿಗ್ಗಬೇಡ...'

ಮುಖದ ಕೆಂಪು ಮುಚ್ಚಿಕೊಳ್ಳಲು ಅವಳಿಗೆ ಗೊತ್ತಿದ್ದ ದಾರಿ ಒಂದೇ. ತನ್ನ ಗಂಡ!

ಅವಳಿಗೆ ಗಂಡನಿರಲಿಲ್ಲ. ಬ್ಯಾಚಿನ ಶುರುವಿನಲ್ಲಿ ಏನೂ ಹೊಳೆಯದೆ, "ವೆನ್ ಮೈ ಹಸ್ಬಂಡ್ ಸ್ಲೀಪ್ಸ್, ದ ನೇಬರ್ಸ್ ವೇಕ್ ಅಪ್" ಎಂದುಬಿಟ್ಟಿದ್ದಳು. ಗಂಡ ಮಲಗಿದರೆ ಅಕ್ಕಪಕ್ಕದವರು ಏಳುತ್ತಾರೆ! ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಂದಿನಿಂದ ಆ ಇಲ್ಲದ ಗಂಡ ಕ್ಲಾಸಿನ ಸೊತ್ತಾಗಿಬಿಟ್ಟಿದ್ದ. ಎಲ್ಲರೂ ಮುಖ ಗಂಭೀರ ಮಾಡಿಕೊಂಡು ಅವನ ಯೋಗಕ್ಷೇಮ ವಿಚಾರಿಸುತ್ತಿದ್ದರು.

ಕೆಲವು ವಾರಗಳಿಂದ ಮರೆತಿದ್ದ ಆ ಗಂಡನನ್ನು ಈಗ ಮತ್ತೆ ಕರೆತಂದಳು. "ಆಲ್ದೋ ಮೈ ಹಸ್ಬಂಡ್ ಹ್ಯಾಸ್ ತ್ರೀ ಸ್ಪೆಕ್ಟಕಲ್ಸ್, ಹಿ ಪುಟ್ಸ್ ಸಾಲ್ಟ್ ಇನ್ ದ ಟೀ," ಎಂದಳು.

"ಅಯ್ಯೋ ಪಾಪ, ಯಜಮಾನರ ಗೊರಕೆ ಜೊತೆಗೆ ಕಣ್ಣೂ ಇನ್ನೂ ಸರಿಹೋಗಿಲ್ವಾ?" ಬೇಕರಿ ಅಕ್ಕ ತಟ್ಟನೆ ಕೇಳಿದಳು.

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಪೆನ್ನಿನ ಮುಚ್ಚಳವನ್ನು ಹಾಕಿ, ತೆಗೆದು, ಮತ್ತೆ ಹಾಕಿದ.

ಕ್ಲಾಸು ಬಿಟ್ಟ ಮೇಲೆ ಮೆಟ್ಟಿಲಲ್ಲಿ ಸಿಕ್ಕಿ ಕೇಳಿದ, "ನಿಮ್ಮ ಯಜಮಾನ್ರು... ಏನು ಕೆಲಸ ಮಾಡ್ತಾರೆ?"

'ಅರೆ, ಇವರೂ ಆಟಕ್ಕೆ ಸೇರಿಕೊಂಡ್ರು!' ಅವಳಿಗೆ ಖುಷಿಯಾಯಿತು. "ಕೆಲಸವಾ? ನಿದ್ದೆ ಮಾಡೋದೇ ಅವರ ಕೆಲಸ!"

"ಒಳ್ಳೆಯವರಾ?"

"ಬಂಗಾರದಂಥ ಮನುಷ್ಯ!"

"ಹಾಗಿದ್ರೆ... ಸಂತೋಷ," ಎಂದು ಅವನು ಇಳಿದುಹೋದ.

ಮರುದಿನ ಅವನು ಯಾರೊಂದಿಗೋ ಜಾಗ ಬದಲಿಸಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದ. ಅವಳನ್ನು ಕಂಡರೆ ತಲೆಯಾಡಿಸುತ್ತಿದ್ದ, ಅಷ್ಟೇ. "ಚೆನ್ನಾಗಿದ್ದೀರಾ? ಮನೆಯಲ್ಲಿ ಎಲ್ಲ ಸೌಖ್ಯವಾ?" ಎಂದು ದೂರದ ನೆಂಟರಂತೆ ಕೇಳಿ ಮುಂದೆ ಹೋಗುತ್ತಿದ್ದ.

'ನಾನೇನು ಮಾಡ್ದೆ? ಅವರ ಇಂಗ್ಲಿಷಿಗೆ ನಕ್ಕೆ ಅಂದ್ಕೊಂಡ್ರಾ? ಅಥವಾ ಇವಳು ಬರೀ ಗೇಲಿ ಮಾಡ್ಕೊಂಡು ತಿರುಗೋಳು ಅಂತ...'

ಲ್ಯಾಬಿನಲ್ಲಿ ಒಂದು ಸೆಟ್ಟಿನ ಮೇಲಿನ ಹಲ್ಲನ್ನು ಕೆಳಗೆ ಕೂರಿಸಿದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಆಗದಿದ್ದ ತಪ್ಪು!

"ಏನೇ ಪುಟ್ಟಿ, ತಟ್ಟೆ ಮುಂದೆ ಇಟ್ಕೊಂಡು ಯಾವ ಲೋಕದಲ್ಲಿದ್ದೀಯ?" ಮನೆಯಲ್ಲಿ ಅತ್ತಿಗೆ ಕೇಳಿದಳು.

"ಏನಿಲ್ಲ ಅತ್ತಿಗೆ, ಇಂಗ್ಲಿಷ್ ಕಷ್ಟ."

"ಇಂಗ್ಲಿಷಿಗೆ ಯಾರೂ ಹೀಗೆ ನಿಟ್ಟುಸಿರು ಬಿಡಲ್ಲ ಕಣೇ. ಹೇಳೋ ಮನಸ್ಸಾದಾಗ ಹೇಳು. ಈಗ ತಿನ್ನು."

ಮುಂದಿನ ಶನಿವಾರ ಹಿಂದಿನ ಸಾಲಿನ ಅವನ ಕುರ್ಚಿ ಖಾಲಿ ಇತ್ತು.

"ಅವನು ಇನ್ನು ಬರಲ್ಲಮ್ಮ," ಮೇಡಂ ಬೋರ್ಡು ಒರೆಸುತ್ತಾ ಹೇಳಿದರು. "ಬೇರೆ ಊರಿನ ಕೆಲಸ ಒಪ್ಕೊಂಡನಂತೆ. ಮೊದಲು ಕಂಪನಿಯವರು ಕರೆದಾಗ ಕ್ಲಾಸು ಬಿಡಲ್ಲ ಅಂದಿದ್ದ. ಈಗ ಅವನೇ ಕೇಳಿ ತಗೊಂಡಿದ್ದಾನೆ. ನಾಳೆ ಬೆಳಿಗ್ಗೆ ರೈಲು."

ಅವಳ ಕೈಯಲ್ಲಿದ್ದ ಪುಸ್ತಕ ಜಾರಿತು.

"ಹೋಗುವಾಗ ಒಂದು ಮಾತು ಹೇಳಿದ. 'ಅವರ ಯಜಮಾನ್ರು ಪುಣ್ಯವಂತರು ಮೇಡಂ' ಅಂತ. ನಾನು ತಮಾಷೆ ಅಂತ ಜೋರಾಗಿ ನಕ್ಕುಬಿಟ್ಟೆ ಕಣಮ್ಮಾ... ಅವನು ನಗ್ಲಿಲ್ಲ."

ಬೇಕರಿ ಅಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ... ಅವರಿಗೆ ಯಾರೂ ಹೇಳೇ ಇಲ್ವಲ್ರೀ!"

ಅವಳಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ಮೆಟ್ಟಿಲ ಮೇಲಿನ ಆ ಪ್ರಶ್ನೆ, ಆ 'ಸಂತೋಷ'... ಅವನು ಆಟ ಆಡುತ್ತಿರಲಿಲ್ಲ!

"ಇವತ್ತು ಎಲ್ಲಿರ್ತಾರೆ ಮೇಡಂ?"

"ಅಂಚೆ ಕಚೇರಿ ಎದುರಿನ ಹೊಸ ಕಟ್ಟಡ. ಓಡು!"

ಆ ಕಟ್ಟಡಕ್ಕೆ ಇನ್ನೂ ಬಣ್ಣದ ವಾಸನೆ ಇತ್ತು. ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು, ಒಳಗೆ ಲಿಫ್ಟಿರಲಿಲ್ಲ. ಅಡ್ಡಲಾಗಿ ಒಂದು ಹಳದಿ ಕಂಬಿ. ಅದರ ಕೆಳಗಿನ ಗುಂಡಿಯಿಂದ ತಲೆಗೆ ದೀಪ ಕಟ್ಟಿಕೊಂಡ ಅವನು ಕತ್ತೆತ್ತಿದ.

"ಅಲ್ಲೇ ನಿಲ್ಲಿ! ಕಂಬಿ ದಾಟಬೇಡಿ!" ಗಾಬರಿಯಿಂದ ಕೂಗಿದವನು ಆಮೇಲೆ ಅವಳ ಮುಖ ಕಂಡ. "ನೀವಾ...? ಏನಾಯ್ತು? ಮನೆಯಲ್ಲಿ ಎಲ್ಲ..."

"ಇಲ್ಲ!" ಎಂದಳು ಅವಳು ಏದುಸಿರು ಬಿಡುತ್ತಾ.

"ಏನಿಲ್ಲ?"

"ಗಂಡ ಇಲ್ಲ! ಯಾವತ್ತೂ ಇರ್ಲಿಲ್ಲ. ಅದು ಕ್ಲಾಸಿಗೋಸ್ಕರ ಕಟ್ಟಿದ ಕತೆ. ನೀವು ಬರೋಕೆ ಮುಂಚೆಯಿಂದ ಎಲ್ಲರೂ ಸೇರಿ ನಡೆಸ್ತಿದ್ದ ತಮಾಷೆ. ನಿಮಗೂ ಗೊತ್ತು ಅಂದ್ಕೊಂಡಿದ್ದೆ..."

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ತಲೆಯ ದೀಪದ ಬೆಳಕು ಅವಳ ಚಪ್ಪಲಿಯ ಮೇಲೆ ಬಿದ್ದಿತ್ತು.

"ಗೊರಕೆ?"

"ಇಲ್ಲ."

"ಟೀಗೆ ಉಪ್ಪು?"

"ಇಲ್ಲಾರೀ!"

"ನಾನು ಆ ಮನುಷ್ಯನ ಮೇಲೆ ಎಷ್ಟು ಹೊಟ್ಟೆಕಿಚ್ಚು ಪಟ್ಟೆ ಗೊತ್ತಾ?" ಎಂದ ಅವನು. "ಆಮೇಲೆ ನನಗೇ ನಾಚಿಕೆ ಆಯ್ತು. ಬಂಗಾರದಂಥ ಮನುಷ್ಯ ಅಂದಿದ್ರಲ್ಲ. ಅದಕ್ಕೇ ದೂರ ಹೋಗೋಣ ಅಂತ..."

ಅವಳ ಕಣ್ಣು ತುಂಬಿತು. ನಗುವೂ ಬಂತು. "ಎಲ್ಲರೂ ಸುಳ್ಳೇ ಕಟ್ತಿದ್ರು. ನೀವು ಹೇಗೆ ನಂಬಿದ್ರಿ?"

"ನನಗೆ ಸುಳ್ಳು ವಾಕ್ಯ ಕಟ್ಟೋಕೆ ಬರಲ್ಲ. ನಮ್ಮ ಪುಸ್ತಕದಲ್ಲಿ 'ಅನ್‌ಲೆಸ್' ಅಂತ ಇದ್ರೆ ಅದರ ಹಿಂದೆ ಒಂದು ಜೀವ ಇರುತ್ತೆ. ಲಿಫ್ಟು ಬಂದು ನಿಲ್ಲದ ಹೊರತು ಬಾಗಿಲು ತೆಗೀಬೇಡ ಅಂತ ಬರೆದಿದ್ರೆ, ಬರೆದವನು ಆಟಕ್ಕೆ ಬರೆದಿರಲ್ಲ. ಹಾಗೇ ಓದಿ ಅಭ್ಯಾಸ."

ಅವಳು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಹಾಗಿದ್ರೆ... ನಾನು ನಕ್ಕಾಗ ಉತ್ತರ ಮರೆತುಹೋಗುತ್ತೆ ಅಂದ್ರಲ್ಲ..."

"ನಿಜ."

"ಹೇಳಿದ್ದೆಲ್ಲಾ?"

"ಎಲ್ಲಾ ನಿಜ." ಅವನು ಗುಂಡಿಯ ಏಣಿ ಹತ್ತಿ, ಕಂಬಿಯ ಆಚೆ, ಅವಳ ಎದುರಿಗೆ ನಿಂತ. ಕೈಗೆಲ್ಲ ಗ್ರೀಸು. ಏನು ಮಾಡುವುದೆಂದು ತಿಳಿಯದೆ ಎರಡೂ ಕೈ ಹಿಂದೆ ಕಟ್ಟಿಕೊಂಡ. "ನೀವಂದ್ರೆ ನಂಗಿಷ್ಟ. ತುಂಬಾ. ಇದನ್ನ ಇಂಗ್ಲಿಷಿನಲ್ಲಿ ಹೇಳಲ್ಲ. ಅಲ್ಲಿ ನೀವು ನಂಬಲ್ಲ."

ಅವಳು ಕಂಬಿಯ ಮೇಲಿಂದ ಕೈ ಚಾಚಿದಳು. ಸೆರಗಿನ ತುದಿಯಿಂದ ಅವನ ಗಲ್ಲದ ಮೇಲಿನ ಗ್ರೀಸ್ ಗೆರೆಯನ್ನು ಒರೆಸಿದಳು. ಅದು ಹೋಗಲಿಲ್ಲ, ಇನ್ನಷ್ಟು ಹರಡಿತು!

"ನಾಳೆ ರೈಲು?" ಕೊನೆಗೆ ಕೇಳಿದಳು.

"ಆಫೀಸಿಗೆ ಫೋನ್ ಮಾಡಿ ಬರಲ್ಲ ಅಂತೀನಿ. ಬೈತಾರೆ, ಬೈಲಿ."

"ಕಾರಣ ಏನು ಹೇಳ್ತೀರಾ?"

"ನಿಜ ಹೇಳ್ತೀನಿ. ಅವರಿಗೆ ಗಂಡ ಇಲ್ವಂತೆ, ಅದಕ್ಕೆ ಬರಲ್ಲ ಅಂತ."

"ಅಯ್ಯಯ್ಯೋ! ಹಾಗೆ ಹೇಳ್ಬೇಡ್ರೀ ಮಾರಾಯ್ರೇ!"

ಅವನು ನಕ್ಕ. ಇಷ್ಟು ದಿನದಲ್ಲಿ ಅವಳು ಅವನ ಹಲ್ಲು ಕಂಡಿದ್ದು ಇದೇ ಮೊದಲು. ಒಂದು ಕೋರೆಹಲ್ಲು ತುಸು ಓರೆ. 'ಯಾರೂ ಇದನ್ನ ನೆಟ್ಟಗೆ ಮಾಡದೇ ಇರ್ಲಿ ದೇವರೇ,' ಎಂದುಕೊಂಡಳು.

ಮೇಲಿನ ಮಹಡಿಯಿಂದ ಯಾರೋ ಕೂಗಿದರು, "ಏನಣ್ಣಾ, ಕೆಳಗೆ ಆಯ್ತಾ ಇಲ್ವಾ?"

"ಇನ್ನೂ ಸ್ವಲ್ಪ ಇದೆ!" ಎಂದು ಕೂಗಿ ಅವಳ ಕಡೆ ತಿರುಗಿದ. ದನಿ ತಗ್ಗಿತು. "ಮುಗಿಯೋಕೆ ಹೊತ್ತಾಗುತ್ತೆ. ಕಾಯ್ತೀರಾ...?"

ಅವಳು ಸಿಮೆಂಟ್ ಮೆಟ್ಟಿಲ ಮೇಲಿನ ಧೂಳನ್ನು ಕೈಯಿಂದ ಒರೆಸಿ ಕೂತಳು.

"ಕಾಯ್ತೀನಿ. ನನಗೋಸ್ಕರ ಬೇಗ ಮುಗಿಸ್ಬೇಡಿ... ಸರಿಯಾಗಿ ಮಾಡಿ. ಜನ ಹತ್ತುತ್ತಾರೆ."