ಉಯ್ಯಾಲೆಯ ಕೆಳಗಿನ ಹೊಸ್ತಿಲು

ಚೆಲ್ಲಿದ ಕಾಫಿ ಮೊಸಾಯಿಕ್ ನೆಲದ ಮೇಲೆ ಹರಿದು ರಕ್ತಕ್ಕೆ ಸೇರಿತ್ತು. ಶಿಕಾರಿಪುರದ ವ್ಯಾಪಾರಿ ಗುರುಮಲ್ಲಪ್ಪ ತನ್ನ ಹೊಸ ಮಾಳಿಗೆ ಮನೆಯ ಪಡಸಾಲೆಯಲ್ಲಿ ಸತ್ತು ಬಿದ್ದಿದ್ದ. ತಲೆಯ ಮೇಲೆ ಕಳಚಿ ಬಿದ್ದ ಉಯ್ಯಾಲೆಯ ತೊಲೆ. ಆಳುದ್ದದ ಹಳೇ ಸಾಗುವಾನಿ.

ದಫೇದಾರ ಸದಾಶಿವಪ್ಪ ಬಾಗಿಲಲ್ಲೇ ನಿಂತು ಎರಡೆರಡು ಸಲ ನೋಡಿದ. ಒಂದು ಸಲ ನೋಡಿದ್ದನ್ನು ಅವನು ಎಂದೂ ನಂಬಿದವನಲ್ಲ.

ವಿಚಿತ್ರ ಕೋಣೆ. ಒಂದು ಕಡೆ ರೆಕ್ಸಿನ್ ಸೋಫಾ, ರೇಡಿಯೋ, ಟ್ಯೂಬ್‌ಲೈಟು. ಇನ್ನೊಂದು ಕಡೆ ಗೋಡೆಗೆ ಗಾಡಿ ಚಕ್ರ, ಮೊರ, ಕಡಗೋಲು. ನಟ್ಟನಡುವೆ ಎರಡು ಕೆತ್ತನೆ ಕಂಬ. ಅವುಗಳ ಮೇಲಿದ್ದ ತೊಲೆಗೇ ಉಯ್ಯಾಲೆ ಕಟ್ಟಿತ್ತು. ಮಾಳಿಗೆಯಲ್ಲಿ ಬಾಡಿಗೆಗೆಂದೇ ಕಟ್ಟಿಸಿದ ಇನ್ನೂ ಎರಡು ಮನೆ ಖಾಲಿ ಇದ್ದವು. ಬರುವವರಿಗೆಲ್ಲ ಗುರುಮಲ್ಲಪ್ಪ ಇದನ್ನೇ ಮಾದರಿ ಎಂದು ತೋರಿಸುತ್ತಿದ್ದ. ಬೊಂಬಾಯಿಯಲ್ಲಿ ನೋಡಿ ಬಂದದ್ದಂತೆ.

"ಉಜ್ಜಪ್ಪಂದೇ ಕೆಲಸ," ಎಂದರು ಇನ್ಸ್‌ಪೆಕ್ಟರು. "ಇದನ್ನ ಜೋಡಿಸಿದ ಬಡಗಿ ಅವನೇ. ನಿನ್ನೆ ನಾಲ್ಕು ಜನರೆದುರು ಗುರುಮಲ್ಲಪ್ಪನ ಕೈಲಿ ಕಪಾಳಕ್ಕೆ ತಿಂದಿದಾನೆ. ಈ ತೊಲೆ ನಿನ್ನ ತಲೆ ಮೇಲೇ ಬೀಳಲಿ ಅಂದಿದಾನೆ. ರಾತ್ರಿ ಮಾಳಿಗೆ ಕೆಳಗಡೆನೇ ಮಲಗಿದ್ದ. ಇನ್ನೇನ್ರೀ ಬೇಕು?"

ತೊಲೆಯನ್ನು ಕಂಬಗಳಿಗೆ ಹಿಡಿದಿದ್ದ ಎರಡು ಮರದ ಗೂಟಗಳೂ ಇರಲಿಲ್ಲ. ಸದಾಶಿವಪ್ಪನೇ ಉಜ್ಜಪ್ಪನಿಗೆ ಕೋಳ ಹಾಕಿದ.

"ಬಾಯಿ ಮಾತಿಗೆ ನೇಣು ಹಾಕ್ತೀರೇನ್ರೀ?" ಉಜ್ಜಪ್ಪ ಅತ್ತ. "ಮೂರು ಹೆಣ್ಣು ಮಕ್ಕಳದಾವೆ ನನಗೆ."

ಹನ್ನೆರಡರ ಬಸ್ಸಿಗೆ ಅವನನ್ನು ಶಿವಮೊಗ್ಗಕ್ಕೆ ಕಳಿಸಬೇಕು. ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು.

* * *

ಸದಾಶಿವಪ್ಪ ಮತ್ತೆ ಮಾಳಿಗೆ ಹತ್ತಿದ. ಗೂಟ ಕೂತಿದ್ದ ತೂತುಗಳೊಳಗೆ ಬೆರಳು ಹಾಕಿದ. ಅಂಚು ನುಣ್ಣಗಿತ್ತು, ಉಳಿಯ ಗಾಯವಿಲ್ಲ. ಬೆರಳಿಗೆ ಹರಳೆಣ್ಣೆ ಹತ್ತಿತು.

ಸೋಫಾದ ಹಿಂದೆ ಗೋಡೆಗೆ ಒಂದು ಮರದ ತುಂಡು ಒರಗಿತ್ತು. ಮೇಲೆ ಮೂರೆಳೆ ವಿಭೂತಿ. ಎಳೆಗಳು ತೆಳ್ಳಗಿದ್ದವು.

"ಇದೇನಮ್ಮ?"

ಕೆಲಸದ ಲೋಕಮ್ಮ ಮೂಗು ಒರೆಸಿಕೊಂಡಳು. "ಸೊರಬದ ಕಡೆ ಹಳೇ ಮನೆ ಹೊಸ್ತಿಲು ಸ್ವಾಮಿ. ಕೊಯ್ಸಿ ಕಾಲುಮಣೆ ಮಾಡ್ಸಿದ್ರು. ಉಯ್ಯಾಲೆ ಕೆಳಗೇ ಇರ್ತಿತ್ತು. ನಿನ್ನೆ ಸಂಜೇನೂ ಧಣಿ ಚಪ್ಪಲಿ ಕಾಲು ಅದರ ಮೇಲೇ ಇಟ್ಕೊಂಡಿದ್ರು."

"ವಿಭೂತಿ ನೀನು ಹಚ್ಚಿದ್ದಾ?"

"ಹಚ್ಚಿದ್ರೆ ಅರಿಸಿನ ಕುಂಕುಮ ಹಚ್ತಿದ್ದೆ, ಮುತ್ತೈದೆ ನಾನು. ಕಾಲಿಡೋ ಮಣೆಗೆ ಅದೂ ಯಾಕ್ರೀ?"

ಸದಾಶಿವಪ್ಪ ಹೊಸ್ತಿಲನ್ನು ಬೆಳಕಿಗೆ ತಿರುಗಿಸಿದ. ರಕ್ತದ ಒಂದು ಹನಿಯೂ ಇಲ್ಲ.

ತಾನು ತಪ್ಪಿದರೆ? ತಪ್ಪದಿದ್ದರೆ ಇನ್ನೂ ಕಷ್ಟ.

* * *

ಅಡುಗೆಮನೆಯಿಂದ ನೀಲಾಂಬಿಕ ಬಂದಳು. ಗುರುಮಲ್ಲಪ್ಪನ ಸತ್ತ ಅಣ್ಣನ ಹೆಂಡತಿ. ಐವತ್ತರ ಆಸುಪಾಸು, ಹಣೆ ತುಂಬ ವಿಭೂತಿ. ಕಣ್ಣಲ್ಲಿ ನೀರಿರಲಿಲ್ಲ.

"ಕೂತ್ಕೊಳ್ರೀ ದಫೇದಾರ್ರೆ."

ಸದಾಶಿವಪ್ಪ ಸೋಫಾದಲ್ಲಿ ಕೂತ. ಹೊಸ್ತಿಲನ್ನು ಎಳೆದು ಮುಂದೆ ಹಾಕಿಕೊಂಡ. ಬೂಟುಗಾಲು ಎತ್ತಿದ.

ಲೋಕಮ್ಮ ಸುಮ್ಮನೆ ನೋಡುತ್ತಿದ್ದಳು.

"ಕಾಲು ತೆಗೀರಿ!"

ನೀಲಾಂಬಿಕಳ ದನಿಗೆ ಕಿಟಕಿಯಾಚೆಯ ಪಾರಿವಾಳಗಳು ಹಾರಿದವು. ಬೂಟು ಗಾಳಿಯಲ್ಲೇ ನಿಂತಿತು.

"ತೊಲೆ ಬೀಳೋದಕ್ಕೆ ಮುಂಚೆ ಇದನ್ನ ಯಾರೋ ಪಕ್ಕಕ್ಕಿಟ್ಟಿದಾರೆ ಅಮ್ಮಾವ್ರೆ," ಎಂದ ಸದಾಶಿವಪ್ಪ. "ಇಲ್ಲದಿದ್ರೆ ಇದರ ಮೇಲೂ ರಕ್ತ ಸಿಡೀತಿತ್ತು. ಅಂದ್ರೆ ತೊಲೆ ಬೀಳುತ್ತೆ ಅಂತ ಅವರಿಗೆ ಗೊತ್ತಿತ್ತು. ಉಜ್ಜಪ್ಪನ ದಪ್ಪ ಬೆರಳಿಗೆ ಇಷ್ಟು ತೆಳ್ಳಗಿನ ವಿಭೂತಿ ಎಳೆ ಬರಲ್ಲ. ಅವನಾಗಿದ್ರೆ ಗೂಟಾನ ಉಳಿ ಇಟ್ಟು ಹೊಡೀತಿದ್ದ. ಇದನ್ನ ಎಣ್ಣೆ ಬಿಟ್ಟು, ತಿರುಗಿಸಿ ಎಳೆದವರು ಬೇರೆ. ಗೂಟ ಎಲ್ಲಿ?"

ಅವಳು ಒಳಗೆ ಹೋಗಿ ಪೂಜೆಯ ಬುಟ್ಟಿ ತಂದಿಟ್ಟಳು. ವಿಭೂತಿ ಗಟ್ಟಿಯ ಪಕ್ಕದಲ್ಲಿ ಎರಡು ಗೂಟಗಳು, ತೊಳೆದು ಒರೆಸಿದವು.

"ಒಲೆಗೆ ಹಾಕಬಹುದಿತ್ತಲ್ಲ," ಎಂದ ಅವನು, ಕೇಳಬಾರದಿತ್ತೇನೋ ಎನ್ನುವಂತೆ.

"ನಮ್ಮನೇದು ಉಳಿದಿರೋದು ಇಷ್ಟೇ. ಒಲೆಗೆ ಹಾಕ್ಲಾ?" ಅವಳು ನೆಲದ ಮೇಲೆ ಕೂತಳು. "ಮಗಳ ಬಾಣಂತನಕ್ಕೆ ಹೋಗಿದ್ದೆ. ಬರೋದರೊಳಗೆ ಸೊರಬದ ನಮ್ಮ ಮನೆ ಕೆಡವಿ, ಕಂಬ, ತೊಲೆ, ಹೊಸ್ತಿಲು ಎಲ್ಲ ಇಲ್ಲಿಗೆ ತಂದಿದ್ದ. ಪ್ರತಿ ದೀಪಾವಳಿಗೆ ಈ ಗೂಟ ತೆಗೆದು ಎಣ್ಣೆ ಹಚ್ಚಿದವಳು ನಾನು. ಅಲ್ಲಿ ತೊಲೆ ಗೋಡೆ ಮೇಲೆ ಕೂತಿತ್ತು, ಬೀಳ್ತಿರಲಿಲ್ಲ. ಇಲ್ಲಿ ತೊಲೆಗೆ ಗೋಡೆ ಆಸರೇನೇ ಇಲ್ಲವಲ್ಲ, ಬರೀ ಶೋಕಿ. ಗೃಹಪ್ರವೇಶ ಆಗೋ ತನಕ ಉಯ್ಯಾಲೇಲಿ ಅವನು ಬೇರೆ ಯಾರನ್ನೂ ಕೂರಿಸ್ತಿರಲಿಲ್ಲ; ಆಮೇಲೆ ಯಾರು ಕೂತಿರ್ತಾರೋ. ಅದಕ್ಕೇ ಇವತ್ತೇ ಬೆಳಗ್ಗೆ, ಅವನು ಬಂದು ಕೂರೋ ಮುಂಚೆ ತೆಗೆದೆ."

"ಕಾಲು ಇಡಬೇಡ ಅಂತ ಹೇಳಿದ್ರಾ?"

"'ಇಪ್ಪತ್ತೆಂಟು ವರ್ಷ ದಿನಾ ತೊಳೆದಿದೀನಿ ಕಣೋ, ಅದರ ಮೇಲೆ ಚಪ್ಪಲಿ ಇಡಬೇಡ' ಅಂದೆ. ನಕ್ಕ. 'ಅತ್ತಿಗೆ, ಅದೀಗ ಹೊಸ್ತಿಲಲ್ಲ, ಡಿಸೈನು' ಅಂದ." ಅವಳು ಹೆಣದ ಕಡೆ ನೋಡಿದಳು. "ಅವನು ಮನೆ ಕೆಡವಿದ. ನಾನು ಒಂದು ತೊಲೆ ಕೆಡವಿದೆ."

"ಉಜ್ಜಪ್ಪ ಏನು ಮಾಡಿದ್ದ? ಅವನು ನೇಣಿಗೆ ಹೋದ್ರೂ ಸುಮ್ಮನಿರ್ತಿದ್ರಾ?"

"ಹೊಸ್ತಿಲಿಗೆ ಗರಗಸ ಹಾಕಿದ್ದು ಯಾರು? ಹೋಗಲಿ ಅಂತಲೇ ಇದ್ದೆ."

* * *

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಸದಾಶಿವಪ್ಪ ಉಜ್ಜಪ್ಪನ ಕೋಳ ಬಿಚ್ಚಿದ. ಸಾಕ್ಷ್ಯಕ್ಕೆಂದು ತಂದ ಹೊಸ್ತಿಲು ಠಾಣೆಯ ಬಾಗಿಲಿಗೆ ಅಡ್ಡವಾಗಿ ಬಿದ್ದಿತ್ತು. ಉಜ್ಜಪ್ಪ ಅವಸರದಲ್ಲಿ ಅದನ್ನು ತುಳಿಯಲು ಹೋದ.

ಬೆಂಚಿನ ಮೇಲಿದ್ದ ನೀಲಾಂಬಿಕ ತಲೆಯೆತ್ತಿದಳು.

ಉಜ್ಜಪ್ಪ ನಿಂತ. ಕಾಲನ್ನು ಎತ್ತರಕ್ಕೆ ಎತ್ತಿ, ದಾಟಿ ಹೋದ.