ಕುಂಡ ಇಡುವ ಜಾಗ

"ನೀವು ಬೇಕೂಂತಲೇ ಸರಿ ಮಾಡ್ತಿಲ್ಲ ಅಂತಾಳೆ ನಮ್ಮಕ್ಕ," ಎಂದಳು ಗಿಡಗಳ ನರ್ಸರಿಯವಳು, ವ್ಯಾನಿನ ಕೀಯನ್ನು ಮೆಕ್ಯಾನಿಕ್‌ನ ಅಂಗೈಗೆ ಹಾಕುತ್ತಾ.

ಅವನ ಕಿವಿ ಕೆಂಪಾಯಿತು. "ನಿಮ್ಮಕ್ಕ ಅಂತಾರೋ, ನೀವೋ?"

"ನಾನು ಅಂದಿದ್ರೆ ಇನ್ನೂ ಜೋರಾಗಿ ಅಂತಿದ್ದೆ."

ಹಿಂದೆ ಎರಡು ಸಲ ಅವಳ ಗಿಡಗಳ ವ್ಯಾನು ದಾರಿಯಲ್ಲೇ ನಿಂತು ಅವನ ರಿಪೇರಿ ಶೆಡ್ಡಿಗೆ ಬಂದಿತ್ತು. ಶೆಡ್ಡಿನ ಮುಂದೆ ಬಿಸಿಲಲ್ಲಿ ಒಂದು ದಿನವಿದ್ದು, ಅವನು ಏನನ್ನೂ ಪತ್ತೆ ಮಾಡುವ ಮೊದಲೇ ತಾನಾಗಿ ಸ್ಟಾರ್ಟ್ ಆಗಿತ್ತು. ಅವನಿಗೇನೂ ಬೇಸರವಾಗಿರಲಿಲ್ಲ. ಕೆಟ್ಟ ವ್ಯಾನು ಮತ್ತೆ ಬರುತ್ತದೆ. ಅದರ ಜೊತೆ ಅವಳೂ ಬರುತ್ತಾಳೆ, ಮುಂಗೈಯಲ್ಲಿ ಒಣಗಿದ ಮಣ್ಣು, ಕೂದಲಲ್ಲಿ ಸಿಕ್ಕಿಕೊಂಡ ಒಂದು ಎಲೆ.

"ಈ ಸಲ ಇಂಜಿನ್ ಕಂಪ್ಯೂಟರನ್ನೇ ಬಿಚ್ಚಿ ನೋಡ್ತೀನಿ. ಅದು ಹೇಳಿದ್ರೇನೇ ಇಂಜಿನ್ ಓಡೋದು."

"ಎಲ್ಲಿರುತ್ತೆ ಅದು?"

"ಒಂದೊಂದು ಗಾಡೀಲಿ ಒಂದೊಂದು ಕಡೆ. ಕೆಲವದ್ರಲ್ಲಿ ಬಾನೆಟ್ ಒಳಗೆ, ಬ್ಯಾಟರಿ ಪಕ್ಕ. ಕೆಲವದ್ರಲ್ಲಿ ಡ್ಯಾಶ್‌ಬೋರ್ಡ್ ಹಿಂದೆ. ಸೀಟಿನ ಕೆಳಗೆ ಬಚ್ಚಿಟ್ಟಿರೋದೂ ಉಂಟು."

"ಕೆಲವರ ಮನಸ್ಸಿನ ಥರ," ಎಂದಳು, ಬೇರೆಲ್ಲೋ ನೋಡುತ್ತಾ. "ಹುಡುಕೋರಿಗೆ ಸಾಕೋಸಾಕಾಗುತ್ತೆ."

ಬ್ಯಾಟರಿ ಪಕ್ಕ ಇರಲಿಲ್ಲ. ಡ್ಯಾಶ್‌ಬೋರ್ಡ್ ಹಿಂದೆಯೂ ಇರಲಿಲ್ಲ. ಅಲ್ಲಿಂದ ಇಳಿದ ವೈರುಗಳ ಕಟ್ಟನ್ನು ಬೆರಳಿನಿಂದ ಸವರುತ್ತಾ ಹೋದ. ಅದು ಡ್ರೈವರ್ ಪಕ್ಕದ ಸೀಟಿನ ಮುಂದೆ, ಕಾಲಿಡುವ ಮ್ಯಾಟಿನ ಅಡಿಗೆ ನುಸುಳಿತ್ತು. ಅವಳು ಟಾರ್ಚ್ ಹಿಡಿದು ಬಗ್ಗಿದಳು. ಶೆಡ್ಡಿನ ಮಾಡಿನ ತಗಡಿನ ತೂತುಗಳಿಂದ ಇಳಿದ ಬಿಸಿಲು ಅವಳ ಕೆನ್ನೆಯ ಮೇಲೆ ಬೊಟ್ಟುಬೊಟ್ಟಾಗಿ ಅಲುಗುತ್ತಿತ್ತು. ಅವನ ಕೈಯಿಂದ ಸ್ಕ್ರೂ ಜಾರಿತು.

"ಜೋಪಾನ," ಎಂದಳು ಮೆಲ್ಲಗೆ. ಸ್ಕ್ರೂ ಜೋಪಾನ ಅಂದಳೋ, ಮನಸ್ಸು ಜೋಪಾನ ಅಂದಳೋ, ಅವನಿಗೆ ತಿಳಿಯಲಿಲ್ಲ.

ಮ್ಯಾಟ್ ಎತ್ತಿದರೆ ಕಾರ್ಪೆಟ್ ತೊಯ್ದು ತೊಪ್ಪೆ. ಅದರಡಿ ಸಿಕ್ಕ ಕಂಪ್ಯೂಟರಿನ ಪಿನ್ನುಗಳಿಗೆ ಹಸಿರು ಕಿಲುಬು. ಹಸಿಮಣ್ಣಿನ ವಾಸನೆ.

"ಇಲ್ಲಿ ಏನಿಡ್ತೀರಿ?"

"ಕುಂಡಗಳು. ನೀರು ಹಾಕಿದ ಕೂಡ್ಲೇ ಇಡ್ತೀನಿ. ಹಿಂದಿಟ್ರೆ ಉರುಳ್ತಾವೆ."

ಅವನು ಒಂದು ಚಿಂದಿಬಟ್ಟೆ ಕೈಗೆತ್ತಿಕೊಂಡ. ಬಾಯಿ ಮುಚ್ಚಿಕೊಂಡು ಒರೆಸಿ ಕಳಿಸಿದರೆ ಅವಳು ಮತ್ತೆ ಬರುತ್ತಾಳೆ. ಹೇಳಿದರೆ ಇದೇ ಕೊನೆ. ಆದರೆ ಹೆದ್ದಾರಿಯಲ್ಲಿ ಲಾರಿಗಳ ನಡುವೆ ವ್ಯಾನು ನಿಂತುಬಿಟ್ಟರೆ?

"ಕುಂಡದ ನೀರೆಲ್ಲ ಇದಕ್ಕೇ ಇಳಿದಿದೆ. ಒಣಗಿದಾಗ ಓಡುತ್ತೆ, ನೆನೆದಾಗ ನಿಲ್ಲುತ್ತೆ. ಕ್ಲೀನ್ ಮಾಡಿ ಕೊಡ್ತೀನಿ. ಇಲ್ಲಿ ಇನ್ಮೇಲೆ ಕುಂಡ ಇಡ್ಬೇಡಿ, ಗಾಡಿ ಕೆಡಲ್ಲ." ಅವನ ದನಿ ಕುಗ್ಗಿತು. "ನೀವು ಬರಬೇಕಾಗೋದೂ ಇಲ್ಲ."

"ಒಳ್ಳೇ ಸುದ್ದಿ ತಾನೇ? ಮುಖ ಯಾಕೆ ಅಷ್ಟು ಸಪ್ಪಗಾಯ್ತು?"

"ನಾನು ಬೇಕೂಂತ ಏನೂ ಕೆಡಿಸಿಲ್ಲ ಕಣ್ರೀ. ಆದ್ರೆ... ಇನ್ನೊಂದು ಸಲ ಕೆಡಲಿ ಅಂತ ಆಸೆ ಪಟ್ಟಿದ್ದು ನಿಜ."

ಟಾರ್ಚ್ ಆರಿತು. ಅವಳು ತುಟಿ ಕಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ.

"ನಮ್ಮ ಮನೆ ಎದುರಿಗೇ ಗ್ಯಾರೇಜಿದೆ, ಗೊತ್ತಾ? ವ್ಯಾನಿಗೆ ಹಗ್ಗ ಕಟ್ಟಿ ಊರಾಚೆ ನಿಮ್ಮ ಶೆಡ್ ತನಕ ಎಳೆಸ್ಕೊಂಡು ಬಂದೋಳು ನಾನು. ಅಷ್ಟೂ ಹೊಳೀಲಿಲ್ವಾ ನಿಮಗೆ?"

ಸಂಜೆ ವ್ಯಾನು ಕೀಯ ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. "ಟ್ರಯಲ್ ನೋಡ್ಬೇಕಲ್ಲ, ಹತ್ತಿ," ಎಂದಳು. ಪಕ್ಕದ ಸೀಟಿನಲ್ಲಿ ಕೂತ ಅವನಿಗೆ ಗ್ರೀಸ್ ಕೈಗಳನ್ನು ಎಲ್ಲಿಡುವುದೆಂದೇ ತಿಳಿಯಲಿಲ್ಲ. ಹೊರಗೆ ರಸ್ತೆಯುದ್ದಕ್ಕೂ ಜೇನಿನ ಬಣ್ಣದ ಬೆಳಕು.

"ಶೆಡ್ಡಿಗೆ ಆ ಕಡೆ ತಿರುಗಬೇಕಿತ್ತು," ಎಂದ, ಸ್ವಲ್ಪ ಹೊತ್ತಿನ ಮೇಲೆ.

"ಗೊತ್ತು," ಎಂದು ಅವಳು ಗೇರ್ ಬದಲಿಸಿದಳು.